ಬದುಕಿ ಬಂದ ಮಕ್ಕಳು



ಕ್ಯಾನ್ಸರ್ ಎಂಬ ಹೆಸರು ಕೇಳಿದರೇ ಕೈಕಾಲು ಆಡದಂತಾಗುತ್ತದೆ; ಅದು ಮನೆಯ ಕೂಸಿಗೆ ಬಂತೆಂದರೆ ಹೇಳುವುದೇ ಬೇಡ. ರಕ್ತದ ಕ್ಯಾನ್ಸರಿಗೆ ತುತ್ತಾದ ಮಗು ಹಿಂದೆ ಕೆಲವು ತಿಂಗಳಲ್ಲಿಯೇ ತೀರಿಕೊಳ್ಳುತ್ತಿತ್ತು. 1948ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರು ಔಷಧದಿಂದ ಕೆಲವು ಮಕ್ಕಳ ರೋಗ ತಾತ್ಕಾಲಿಕವಾಗಿ ಇಳಿದುದನ್ನು ಪ್ರಕಟಿಸಿದರು. ಇಂದು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಗುಣಹೊಂದುತ್ತಾರೆ. ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ ಆಸ್ಪತ್ರೆಗಳಿಂದ ಗುಣವಾಗಿ ಮರಳಿದ ಮಕ್ಕಳು ನಮ್ಮಲ್ಲಿಯೂ ಅನೇಕರಿದ್ದಾರೆ.

ಮರಳಿದ ಮೇಲೆ ಅವರ ಮನಸ್ಸಿನ ಗತಿ ಏನು? ಇಂದು ಅದನ್ನೇ ಹೇಳಬೇಕೆಂದಿದ್ದೇವೆ.

ಟೆಡೆಸ್ಕಿ, ಕ್ಯಾಲ್ಹೂನ್ ಎಂಬ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು 1996ರಲ್ಲಿ 21 ಮಾತುಗಳ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ದೊಡ್ಡ ಆಘಾತ ಕಂಡವರಲ್ಲಿ ಕೆಲವರು ಮೊದಲಿಗಿಂತ ಬೆಳೆಯುತ್ತಾರೆ. ಜೀವನದ ಬೆಲೆ ತಿಳಿಯುತ್ತದೆ, ನಂಟು ಗಟ್ಟಿಯಾಗುತ್ತದೆ, ಆತ್ಮಬಲ ಹೆಚ್ಚುತ್ತದೆ, ಹೊಸ ದಾರಿ ಕಾಣುತ್ತದೆ, ಆಧ್ಯಾತ್ಮದ ಕಡೆಗೂ ಮನಸ್ಸು ಹೊರಳುತ್ತದೆ. ಆದರೆ ಬೆಳೆಸುವುದು ಆಘಾತವಲ್ಲ. ಆಮೇಲೆ ಮನಸ್ಸು ಅದರೊಡನೆ ನಡೆಸುವ ಹೋರಾಟ. ಕೆಂಡ ಕೈ ಸುಟ್ಟರೆ ಅದನ್ನು ಉಪಕಾರವೆನ್ನುತ್ತೀರಾ?

2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗುಣಹೊಂದಿದ 150 ಹದಿಹರೆಯದ ಮಕ್ಕಳನ್ನು ಕೇಳಿದರು. ಹೆಚ್ಚಿನವರು ತಮ್ಮಲ್ಲಿ ಬೆಳವಣಿಗೆ ಕಂಡಿದ್ದರು. ಐದು ವರ್ಷ ದಾಟಿದ ಮೇಲೆ ರೋಗ ಗೊತ್ತಾದವರಲ್ಲಿ ಅದು ಇನ್ನೂ ಹೆಚ್ಚು. ವೈದ್ಯರು ಅಳೆದ ರೋಗದ ತೀವ್ರತೆಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಪ್ರಾಣಕ್ಕೆ ಕುತ್ತು ಬಂದಿತ್ತೆಂದು ಮಗು ತಾನೇ ಎಷ್ಟು ಅರಿತಿತ್ತು ಎಂಬುದಕ್ಕೆ ಸಂಬಂಧವಿತ್ತು. ಇನ್ನೊಂದು ಮಾತು ಗಮನಿಸಿರಿ: ಹೆಚ್ಚು ಬೆಳೆದ ಮಕ್ಕಳಲ್ಲಿ ಅಂಜಿಕೆ, ಬೆಚ್ಚಿಬೀಳಿಸುವ ನೆನಪುಗಳೂ ಹೆಚ್ಚಾಗಿಯೇ ಇದ್ದವು. ನಗುವ ಮಗುವಿಗೆ ನೋವಿಲ್ಲವೆಂದು ತಿಳಿಯಬೇಡಿರಿ.

ನಾವು ಮನೆಯಲ್ಲಿ ಮಾಡುವುದೇನು? "ಆಗಿಹೋಯಿತು, ಯಾರ ಮುಂದೂ ಬಾಯಿ ಬಿಡಬೇಡ." ಹೆಣ್ಣುಮಗುವಾದರಂತೂ ನಾಳೆ ವರ ಸಿಕ್ಕಲಾರನೆಂಬ ಭಯ. ಮಠಕ್ಕೆ ಬಂದ ತಂದೆತಾಯಿಗಳು ಮಗಳಿಗೆ ಕೇಳಿಸದಂತೆ ನಮಗೆ ಪಿಸುಗುಟ್ಟುತ್ತಾರೆ. ಅನುಭವಿಸಿದವಳು ಅವಳೇ ಅಲ್ಲವೇ! ಎಂಟು ವರ್ಷದ ಕೂಸಿನ ತಲೆಗೆ ಪೂರ್ವಜನ್ಮದ ಪಾಪ ಕಟ್ಟುವವರೂ ಉಂಟು. ಹೆಚ್ಚಿನ ಮಕ್ಕಳಲ್ಲಿ ಈ ರೋಗದ ಕಾರಣ ವೈದ್ಯರಿಗೇ ತಿಳಿಯದು. ಇವರಿಗೆ ಹೇಗೆ ತಿಳಿಯಿತೋ! "ದೇವರು ನಿನ್ನನ್ನು ದೊಡ್ಡ ಕೆಲಸಕ್ಕೇ ಉಳಿಸಿದ್ದಾನೆ" ಎಂಬುದೂ ಹೊರೆಯೇ. ಸಾಮಾನ್ಯನಾಗಿ ಬದುಕುವ ಹಕ್ಕು ಆ ಹುಡುಗನಿಗಿಲ್ಲವೇ?

ಮುಂಬಯಿಯಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ 'ಉಗಮ್' ಎಂಬ ಬಳಗ 2009ರಿಂದ ಇದೆ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದ ತರುಣ ತರುಣಿಯರೇ ಅದರಲ್ಲಿದ್ದಾರೆ. ಚಿಕಿತ್ಸೆಯಲ್ಲಿರುವ ಮಕ್ಕಳೊಡನೆ ಅವರು ತಮ್ಮ ಕಥೆಯನ್ನು ಬಚ್ಚಿಡದೆ ಹೇಳಿಕೊಳ್ಳುತ್ತಾರೆ.

ನಿಮ್ಮ ಮನೆಯ ಮಗು ಕೇಳಿದಷ್ಟನ್ನು, ಅದಕ್ಕೆ ತಿಳಿಯುವಂತೆ ಹೇಳಿರಿ. ಟ್ರಂಕಿನ ತಳದಲ್ಲಿ ಬಚ್ಚಿಟ್ಟ ಆಸ್ಪತ್ರೆಯ ಕಾಗದಗಳನ್ನು, ವಯಸ್ಸಿಗೆ ಬಂದಾಗ ಅವರ ಕೈಗೇ ಕೊಡಿರಿ. ಅಂದಿನ ಔಷಧಗಳಲ್ಲಿ ಕೆಲವು ಹತ್ತಾರು ವರ್ಷದ ಮೇಲೂ ಹೃದಯಕ್ಕೆ ತೊಂದರೆ ಕೊಡಬಲ್ಲವು. ತಪಾಸಣೆ ಮಾಡುವ ವೈದ್ಯರು ಮೊದಲು ಕೇಳುವುದು ಆ ಕಾಗದಗಳನ್ನೇ.