ಮೊದಲ ದಿನದ ಏದುಸಿರು



ಶಾಲೆಯ ಮೈದಾನದಲ್ಲಿ ಓಟದ ಸ್ಪರ್ಧೆ ನಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಸುಣ್ಣದ ಗೆರೆ, ಮಾಸ್ತರರ ಸೀಟಿ, ನೂರು ಮೀಟರ್. ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ ಎಲ್ಲ ಮುಗಿದುಹೋಗುತ್ತದೆ. ಮುಂದೆ ಬಂದ ಮೂವರಿಗೆ ಬಹುಮಾನ. ಅವರು ತಾಲ್ಲೂಕು ಮಟ್ಟಕ್ಕೆ ಹೋಗುತ್ತಾರೆ. ಉಳಿದ ನಲವತ್ತು ಮಂದಿ ಏದುಸಿರು ಬಿಡುತ್ತಾ ಮರದ ನೆರಳಿನಲ್ಲಿ ಕುಳಿತು, ಓಟ ನಮ್ಮಂಥವರಿಗಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಎಷ್ಟೋ ಮಂದಿಯಲ್ಲಿ ಆ ತೀರ್ಮಾನ ಜೀವಮಾನವಿಡೀ ಉಳಿಯುತ್ತದೆ. ನನ್ನ ಇಂದಿನ ಮಾತು ಆ ನಲವತ್ತು ಮಂದಿಗೆ. ಬಹುಮಾನ ಪಡೆದವರು ಬೇಕಾದರೆ ಕೇಳಿಸಿಕೊಳ್ಳಬಹುದು.

ಮೊದಲು ಒಂದು ಪ್ರಶ್ನೆ. ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸವೇನು? ವೇಗ ಎಂದು ನೀವು ಹೇಳಬಹುದು. ಅದು ಸರಿಯಲ್ಲ. ದೂರದರ್ಶನದ ಕೆಲಸದಲ್ಲಿ ನಮಗೆ ಒಂದು ಅನುಕೂಲವಿದೆ. ಚಿತ್ರವನ್ನು ನಿಧಾನಗೊಳಿಸಿ, ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ ನೋಡಬಹುದು. ನಡೆಯುವವನ ಒಂದು ಪಾದವಾದರೂ ಸದಾ ನೆಲವನ್ನು ಮುಟ್ಟಿಕೊಂಡಿರುತ್ತದೆ. ಓಡುವವನಲ್ಲಿ ಮಾತ್ರ, ಪ್ರತಿ ಹೆಜ್ಜೆಗೂ ಎರಡು ಪಾದಗಳೂ ನೆಲ ಬಿಟ್ಟಿರುವ ಒಂದು ಕ್ಷಣ ಬರುತ್ತದೆ. ವ್ಯತ್ಯಾಸ ಇರುವುದು ಅಷ್ಟೇ. ಹಾಗಾಗಿ ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ, ಅಂದರೆ ಬಸ್ಸು ತಪ್ಪೀತೆಂದು ಬಿರುಸಾಗಿ ನಡೆಯುವವನಿಗಿಂತಲೂ ನಿಧಾನವಾಗಿ, ಓಡುವುದು ಸಾಧ್ಯ. ಪಕ್ಕದಲ್ಲಿ ಅಜ್ಜನೊಬ್ಬ ನಡೆದೇ ನಿಮ್ಮನ್ನು ದಾಟಿ ಹೋದರೂ ನೀವು ಓಡುತ್ತಿರುವುದು ಓಟವೇ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಆ ಏದುಸಿರಿನ ವಿಚಾರ. ಸ್ನಾಯುಗಳಿಗೆ ಕೆಲಸ ಮಾಡಲು ಶಕ್ತಿ ಬೇಕು. ಕೂಡಲೇ ಬಳಸಲು ಸಿದ್ಧವಾಗಿರುವ ಶಕ್ತಿಯ ದಾಸ್ತಾನು ಸ್ನಾಯುವಿನಲ್ಲಿ ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟಿರುತ್ತದೆ. ಅದು ಕರಗುತ್ತಿದ್ದಂತೆ ಶರೀರದ ಮುಂದೆ ಎರಡು ದಾರಿಗಳು. ಒಂದು, ಆಮ್ಲಜನಕದ ನೆರವಿನಿಂದ ಸಕ್ಕರೆಯನ್ನೂ ಕೊಬ್ಬನ್ನೂ ಉರಿಸುವುದು. ಈ ದಾರಿ ನಿಧಾನ, ಆದರೆ ಗಂಟೆಗಟ್ಟಲೆ ಸಾಗಬಲ್ಲದು. ಇನ್ನೊಂದು, ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆಯುವುದು. ಇದು ಬಹಳ ವೇಗದ ದಾರಿ, ಆದರೆ ಬೇಗನೆ ದಣಿಸುತ್ತದೆ. ಉಸಿರು ಕಟ್ಟಿದಂತಾಗುತ್ತದೆ, ಕಾಲು ಸೀಸದಂತೆ ಭಾರವಾಗುತ್ತದೆ. ಅಭ್ಯಾಸವಿಲ್ಲದವರ ಮೊದಲ ದಾರಿ ಇನ್ನೂ ಕಿರಿದಾಗಿರುತ್ತದೆ. ಅವರು ಸೀಟಿ ಕೇಳಿದಂತೆ ಓಡಿದರೆ ಅರ್ಧ ನಿಮಿಷದಲ್ಲೇ ಎರಡನೆಯ ದಾರಿಗೆ ಬಿದ್ದುಬಿಡುತ್ತಾರೆ. ಮೊದಲ ದಿನದ ಏದುಸಿರು ನಿಮ್ಮ ಶರೀರದ ಯೋಗ್ಯತೆಯನ್ನು ಹೇಳುವುದಿಲ್ಲ. ಆ ದಿನ ನೀವು ಆರಿಸಿಕೊಂಡ ವೇಗ ಹೆಚ್ಚಾಯಿತು ಎಂದಷ್ಟೇ ಹೇಳುತ್ತದೆ.

ವೇಗ ಹೆಚ್ಚಾಗಿದೆಯೆಂದು ತಿಳಿಯಲು ಯಂತ್ರ ಬೇಡ. ಕೈಗಡಿಯಾರದಲ್ಲಿ ನಾಡಿಬಡಿತ ತೋರಿಸುವ ಉಪಕರಣಗಳು ಈಗ ಬಂದಿವೆ. ಅವನ್ನು ಕೊಳ್ಳಲು ತಂದೆತಾಯಿಯರನ್ನು ಪೀಡಿಸಬೇಡಿ. ಜೊತೆಗೊಬ್ಬ ಗೆಳೆಯನೋ ಗೆಳತಿಯೋ ಇರಲಿ, ಮಾತನಾಡುತ್ತಾ ಓಡಿ. ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರಿಗಾಗಿ ನಿಲ್ಲಿಸದೆ ಹೇಳಲು ಬಂದರೆ ವೇಗ ಸರಿಯಾಗಿದೆ. ಎರಡೆರಡು ಪದಕ್ಕೆ ಮಾತು ತುಂಡಾದರೆ ನಿಧಾನಿಸಿ. ಅಷ್ಟಕ್ಕೂ ಆಗದಿದ್ದರೆ ನಡೆಯಿರಿ.

ಮಾತನಾಡುವಷ್ಟು ನಿಧಾನವಾಗಿ ಓಡುವ ಈ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಮುಖ್ಯನಾದವನು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು. ರಗ್ಬಿ ಆಡುತ್ತಿದ್ದ ತನ್ನ ಶರೀರ ಗಟ್ಟಿಯಾಗಿದೆಯೆಂದೇ ಭಾವಿಸಿದ್ದ. ಒಂದು ದಿನ ತನಗಿಂತ ಹಿರಿಯನಾದ ಓಟಗಾರನೊಬ್ಬನ ಜೊತೆ ಐದು ಮೈಲಿ ಓಡಲು ಹೋಗಿ ಸುಸ್ತಾಗಿ ಕುಸಿಯುವಂತಾದ. ಆಗ ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಈಗಲೇ ಹೀಗಾದರೆ ನಲವತ್ತೇಳನೆಯ ವಯಸ್ಸಿನಲ್ಲಿ ಹೇಗೆ ಎಂಬ ಯೋಚನೆ ಅವನನ್ನು ಹಿಡಿದುಕೊಂಡಿತು. ಮುಂದೆ ವರ್ಷಗಟ್ಟಲೆ ತನ್ನ ಶರೀರದ ಮೇಲೆಯೇ ಪ್ರಯೋಗ ನಡೆಸಿದ. 1953 ಮತ್ತು 1955ರಲ್ಲಿ ತನ್ನ ದೇಶದ ಮ್ಯಾರಥಾನ್ ಚಾಂಪಿಯನ್ ಆದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವನ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರಿನಲ್ಲೂ, ಮರ್ರೆ ಹಾಲ್ಬರ್ಗ್ 5000 ಮೀಟರಿನಲ್ಲೂ ಒಂದೇ ದಿನ ಚಿನ್ನ ಗೆದ್ದರು.

ಆದರೆ ನನಗೆ ಆ ಪದಕಗಳಿಗಿಂತ ದೊಡ್ಡದಾಗಿ ಕಾಣುವ ಸಂಗತಿ ಬೇರೆ. 1962ರ ಹೊತ್ತಿಗೆ ಲಿಡಿಯಾರ್ಡ್ ಆಕ್ಲೆಂಡ್ ನಗರದಲ್ಲಿ ಸಾಮಾನ್ಯ ಜನರನ್ನು ನಿಧಾನದ ಓಟಕ್ಕೆ ಕಲೆಹಾಕಿದ. ಹೊಟ್ಟೆ ಬೆಳೆಸಿದ ವ್ಯಾಪಾರಿಗಳು, ಹೃದಯಾಘಾತದಿಂದ ಚೇತರಿಸಿಕೊಂಡವರು ಅದರಲ್ಲಿದ್ದರು. ಹೃದ್ರೋಗಿಗಳು ಮಲಗಿರಬೇಕು ಎಂದು ಹೇಳುತ್ತಿದ್ದ ಕಾಲ ಅದು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾನಿಲಯದ ಪ್ರಸಿದ್ಧ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಬಂದ. ಐವತ್ತು ದಾಟಿದ್ದ ಆತ ಓಟ ಕಲಿಸುವುದರಲ್ಲಿ ನಿಪುಣ, ಸ್ವತಃ ಓಡುವುದನ್ನು ಬಿಟ್ಟು ಕಾಲವಾಗಿತ್ತು. ಲಿಡಿಯಾರ್ಡನ ಗುಂಪಿನ ಜೊತೆ ಗುಡ್ಡ ಹತ್ತಲು ಹೊರಟವನು ಬೇಗನೆ ಹಿಂದೆ ಬಿದ್ದ. ಎಪ್ಪತ್ತು ದಾಟಿದ್ದ, ಹಲವು ಸಲ ಹೃದಯಾಘಾತವಾಗಿದ್ದ ಮುದುಕನೊಬ್ಬ ಕರುಣೆಯಿಂದ ಇವನ ಜೊತೆಗೇ ಉಳಿದು ಮಾತನಾಡಿಸುತ್ತಾ ಬಂದ. ಬೋವರ್‌ಮನ್ನನಿಗೆ ಉತ್ತರ ಕೊಡಲು ಉಸಿರೇ ಇರಲಿಲ್ಲವಂತೆ! ಕೆಲವು ವಾರ ಅಲ್ಲೇ ಇದ್ದು ದಿನವೂ ಓಡಿ, ಊರಿಗೆ ಮರಳಿದ ಮೇಲೆ ತನ್ನ ಯೂಜೀನ್ ಪಟ್ಟಣದ ಜನರನ್ನು ಮೈದಾನಕ್ಕೆ ಕರೆದ. ಒಬ್ಬ ಹೃದ್ರೋಗ ತಜ್ಞನ ಜೊತೆಗೂಡಿ 1967ರಲ್ಲಿ ಪುಸ್ತಕವನ್ನೂ ಬರೆದ. ಜಾಗಿಂಗ್ ಎಂಬ ಪದ ಅಮೆರಿಕದಲ್ಲಿ ಮನೆಮಾತಾಗಲು ಆ ಪುಸ್ತಕದ ಪಾಲು ದೊಡ್ಡದು.

ಈಗ ನಿಮ್ಮ ವಿಷಯಕ್ಕೆ ಬರೋಣ. ಹೇಗೆ ಆರಂಭಿಸಬೇಕು? ಜೋಶ್ ಕ್ಲಾರ್ಕ್ ಎಂಬ ಅಮೆರಿಕನ್ ತರುಣ 1996ರಲ್ಲಿ ಒಂಬತ್ತು ವಾರಗಳ ಒಂದು ಸುಲಭ ಕ್ರಮವನ್ನು ರೂಪಿಸಿದ. ಅದು ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ವಾರಕ್ಕೆ ಮೂರೇ ದಿನ. ಮೊದಲ ವಾರ ಐದು ನಿಮಿಷ ಬಿರುಸಾಗಿ ನಡೆದು, ಬಳಿಕ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ ಒಟ್ಟು 20 ನಿಮಿಷ. ಲೆಕ್ಕ ಹಾಕಿ ನೋಡಿ, ಓಡುವುದು 8 ನಿಮಿಷ ಮಾತ್ರ. ಇಷ್ಟೇನಾ ಎಂದು ನಿಮಗನ್ನಿಸಬೇಕು. ಅನ್ನಿಸಿದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ. ವಾರದಿಂದ ವಾರಕ್ಕೆ ಓಟ ಹಿಗ್ಗುತ್ತದೆ, ನಡಿಗೆ ಕುಗ್ಗುತ್ತದೆ. ಐದನೆಯ ವಾರದ ಮೂರನೆಯ ದಿನ 20 ನಿಮಿಷ ನಿಲ್ಲದೆ ಓಡುವುದು, ಒಂಬತ್ತನೆಯ ವಾರ 30 ನಿಮಿಷ. ಒಂದು ವಾರದ ಪಾಠ ಕಷ್ಟವಾದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಿ. ಇಲ್ಲಿ ಫೇಲು ಎಂಬುದಿಲ್ಲ. ನಾನೇ ನಾಲ್ಕನೆಯ ವಾರವನ್ನು ಮೂರು ಸಲ ಮಾಡಿದವನು. ಇಪ್ಪತ್ತು ವರ್ಷ ಎಡಿಟಿಂಗ್ ಮೇಜಿನ ಮುಂದೆ ಕುಳಿತು, ನಲವತ್ತೆರಡನೆಯ ವಯಸ್ಸಿನಲ್ಲಿ ಎದ್ದು ಹೊರಟರೆ ಅಷ್ಟು ಕಾಲ ಬೇಕೇ ಬೇಕು. ನಿಮಗೆ ಅಷ್ಟು ಬೇಕಾಗಲಾರದು.

ವಾರಕ್ಕೆ ಮೂರೇ ದಿನ ಏಕೆ ಎಂದು ಕೇಳುತ್ತೀರಿ. ನನ್ನ ಮಾತಿನ ಮುಖ್ಯ ಭಾಗ ಇದೇ, ಸ್ವಲ್ಪ ಗಮನವಿಟ್ಟು ಓದಿ. ಶರೀರದ ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಮೊದಲು ಕಲಿಯುವುದು ರಕ್ತ: ಅಭ್ಯಾಸ ಆರಂಭಿಸಿದ ಒಂದೆರಡು ವಾರಗಳಲ್ಲೇ ಅದರ ದ್ರವಭಾಗ ಹೆಚ್ಚುತ್ತದೆ. ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳುತ್ತದೆ. ಅನಂತರ ಸ್ನಾಯುಗಳ ಸರದಿ. ಜೀವಶಾಸ್ತ್ರದ ಪಾಠದಲ್ಲಿ ಮೈಟೋಕಾಂಡ್ರಿಯ ಎಂದು ಓದಿದ್ದೀರಲ್ಲ, ಜೀವಕೋಶದೊಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಒಲೆಗಳು, ಅವು ಹೆಚ್ಚುತ್ತವೆ. 1967ರಲ್ಲಿ ಜಾನ್ ಹೊಲೊಸ್ಜಿ ಎಂಬ ವಿಜ್ಞಾನಿ ಇಲಿಗಳನ್ನು ಯಂತ್ರದ ಪಟ್ಟಿಯ ಮೇಲೆ ವಾರಗಟ್ಟಲೆ ಓಡಿಸಿ ನೋಡಿದಾಗ, ಅವುಗಳ ಕಾಲಿನ ಸ್ನಾಯುವಿನ ಮೈಟೋಕಾಂಡ್ರಿಯಗಳ ಆಮ್ಲಜನಕ ಬಳಸುವ ಸಾಮರ್ಥ್ಯ ಸುಮಾರು ಇಮ್ಮಡಿಯಾಗಿತ್ತು. ನಾನು ಮೊದಲು ಹೇಳಿದ ಕಿರಿದಾದ ದಾರಿ ಅಗಲವಾಗುವುದೆಂದರೆ ಇದೇ.

ಮೂಳೆಯದು ಬೇರೆಯೇ ಸ್ವಭಾವ. ಓಡುವಾಗ ಪ್ರತಿ ಹೆಜ್ಜೆಗೆ ಕಾಲಿನ ಮೇಲೆ ಬೀಳುವ ಬಲ ನಮ್ಮ ತೂಕದ ಎರಡರಿಂದ ಮೂರು ಪಟ್ಟು. 50 ಕಿಲೋ ತೂಗುವ ಹುಡುಗಿಯ ಒಂದು ಕಾಲಿಗೆ ನೂರು, ನೂರೈವತ್ತು ಕಿಲೋಗಳ ಭಾರ. ಹತ್ತು ನಿಮಿಷದ ಓಟದಲ್ಲಿ ಇಂಥ ಹೆಜ್ಜೆಗಳು ಸುಮಾರು ಒಂದೂವರೆ ಸಾವಿರ. ಈ ಹೊಡೆತಕ್ಕೆ ಮೂಳೆ ಗಟ್ಟಿಯಾಗುತ್ತದೆ, ನಿಜ. ಆದರೆ ಅದು ಮೊದಲು ಹಳೆಯದನ್ನು ಕೆಡವಿ ಅನಂತರ ಹೊಸದನ್ನು ಕಟ್ಟುತ್ತದೆ, ಹಳೆಯ ಮನೆಯ ಗೋಡೆ ದುರಸ್ತಿ ಮಾಡಿದ ಹಾಗೆ. ಈ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತಸಂಚಾರ ಕಡಿಮೆ, ಅವೂ ಮಂದಗತಿಯವೇ. ಎರಡು ತಿಂಗಳಾದ ಮೇಲೆ ಉಸಿರು ಹಗುರವಾಗಿ, ಇನ್ನೂ ಎರಡು ಸುತ್ತು ಹೊಡೆಯೋಣ, ದಿನವೂ ಓಡೋಣ ಎಂಬ ಉತ್ಸಾಹ ಹುಟ್ಟುತ್ತದಲ್ಲ, ಮೊಳಕಾಲಿನ ಕೆಳಗಿನ ಮೂಳೆ ಆಗ ಇನ್ನೂ ಅರ್ಧ ಕಟ್ಟಿದ ಗೋಡೆ. ಉಸಿರು ಸಾಕು ಅನ್ನಿಸುವ ಮುಂಚೆಯೇ ನಿಲ್ಲಿಸುವುದಕ್ಕೆ ಕಾರಣ ಅದು. ಬಿಡುವಿನ ದಿನ ಸೈಕಲ್ ತುಳಿಯಿರಿ, ಈಜಿ, ಅಮ್ಮ ಹೇಳಿದ ಅಂಗಡಿ ಕೆಲಸಕ್ಕೆ ನಡೆದು ಹೋಗಿ.

ಓಡಿದ ಮರುದಿನ ತೊಡೆ, ಮೀನಖಂಡ ನೋಯುತ್ತವೆ. ಲ್ಯಾಕ್ಟಿಕ್ ಆಮ್ಲ ಶೇಖರವಾಗಿದೆ ಎಂದು ಈಗಲೂ ಹೇಳುವವರಿದ್ದಾರೆ. ಅದು ಸರಿಯಲ್ಲ, ಆ ವಸ್ತು ಓಟ ಮುಗಿದ ಒಂದು ಗಂಟೆಯೊಳಗೆ ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ರೂಢಿಯಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗಾದ ಸೂಕ್ಷ್ಮ ಪೆಟ್ಟಿನ ನೋವು ಅದು. ಎರಡು ಮೂರು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಆದರೆ ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ, ಬೆರಳಿಟ್ಟು ತೋರಿಸಬಹುದಾದ ನೋವಿದ್ದು, ಓಡಿದಷ್ಟೂ ಹೆಚ್ಚುತ್ತಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಏದುಸಿರಿಗೆ ಇನ್ನೊಂದು ಕಾರಣವೂ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಹೊರುವವರೇ ಕಡಿಮೆಯಾದರೆ ಹೃದಯ ಎಷ್ಟು ಬಡಿದರೇನು? ಅಂಥ ಹುಡುಗಿಗೆ ಸೋಮಾರಿ ಎಂದು ಹೆಸರಿಡುವುದನ್ನು ನಾನು ಕೇಳಿದ್ದೇನೆ, ಸಿಟ್ಟೂ ಬಂದಿದೆ. ನಿಧಾನವಾಗಿ ಓಡಿದರೂ ಎರಡು ಮೂರು ವಾರವಾದರೂ ಸುಧಾರಿಸದಿದ್ದರೆ, ಮೆಟ್ಟಿಲು ಹತ್ತಿದರೂ ಎದೆ ಹಾರುತ್ತಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ. ಉಬ್ಬಸವಿರುವವರು, ಓಡುವಾಗ ಎದೆನೋವು ಬಂದವರು, ತಲೆ ಸುತ್ತಿ ಬಿದ್ದವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆಯಿಂದ ತೀರಿಕೊಂಡವರಿರುವವರು ಮೊದಲು ವೈದ್ಯರನ್ನು ಕೇಳಿಯೇ ಹೊರಡಬೇಕು.

ಎಲ್ಲಿ ಓಡಬೇಕು? ಕೆರೆಯ ಏರಿ, ಶಾಲೆಯ ಮೈದಾನ, ತೋಟದ ದಾರಿ, ವಾಹನಗಳಿಲ್ಲದ ಯಾವ ಮಣ್ಣುಹಾದಿಯಾದರೂ ಸರಿ. ಬೇಸಿಗೆಯಲ್ಲಿ, ಅದರಲ್ಲೂ ರಾಯಚೂರು, ಕಲಬುರಗಿ ಕಡೆಯವರು, ಸೂರ್ಯ ಮೇಲೇರುವ ಮೊದಲೇ ಮುಗಿಸಿ. ಇಡ್ಲಿ, ಉಪ್ಪಿಟ್ಟು ಓಟದ ನಂತರ. ಶೂ ದುಬಾರಿಯದೇ ಆಗಬೇಕಿಲ್ಲ, ಕಾಲು ಕಚ್ಚದೆ ಹಿಮ್ಮಡಿಯನ್ನು ಭದ್ರವಾಗಿ ಹಿಡಿದಿದ್ದರೆ ಸಾಕು. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಮಾತ್ರ ಓಡಬೇಡಿ, ನಿಂತುಬಿಡಿ. ನೋಡಿದವರು ನಕ್ಕಾರು ಎಂಬ ಸಂಕೋಚಕ್ಕೆ, ಮುಖ್ಯವಾಗಿ ಹುಡುಗಿಯರ ಸಂಕೋಚಕ್ಕೆ, ನನಗೆ ಗೊತ್ತಿರುವ ಮದ್ದು ಒಂದೇ: ಮೂರು ನಾಲ್ಕು ಜನ ಒಟ್ಟಾಗಿ ಹೋಗುವುದು. ಶಾಲೆಯ ಮೈದಾನವನ್ನು ಬೆಳಗ್ಗೆ ಒಂದು ಗಂಟೆ ಹುಡುಗಿಯರಿಗೆಂದೇ ತೆರೆದಿಡಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ನಾಳೆ ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆಯಿಂದ ಕೆಳಗಿಳಿಯುವ ಮೊದಲು, ಮಣಿಕಟ್ಟಿನ ಮೇಲೆ ಹೆಬ್ಬೆರಳಿನ ಕಡೆಗೆ ಎರಡು ಬೆರಳಿಟ್ಟು ಒಂದು ನಿಮಿಷದ ನಾಡಿಬಡಿತ ಎಣಿಸಿ. ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾಂಕದೊಂದಿಗೆ ಬರೆದಿಡಿ. ಒಂಬತ್ತು ವಾರವಾದ ಮೇಲೆ ಅದೇ ಹೊತ್ತಿಗೆ, ಅದೇ ರೀತಿ ಮತ್ತೆ ಎಣಿಸಿ, ಪಕ್ಕದಲ್ಲೇ ಬರೆಯಿರಿ. ಎರಡು ಸಂಖ್ಯೆಗಳೂ ನಿಮ್ಮವೇ. ಪಕ್ಕದ ಬೆಂಚಿನವನ ಸಂಖ್ಯೆಯ ಜೊತೆ ಹೋಲಿಸಬೇಡಿ.