‘ಬಿಡು’ ಎನ್ನುವ ಮೊದಲು ಕೇಳಿ



ನೀವು ಕೊಡುವ ಹಣ ಕಾಯಿಲೆ ಬಂದವರ ಚಿಕಿತ್ಸೆಗೆ ಹೋಗುತ್ತದೆ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ತಂಬಾಕಿನ ಪಾಲು ದೊಡ್ಡದು. ಹಾಗಾಗಿ ಕಾಯಿಲೆಗೆ ಮೊದಲೇ, ಹಣವಿಲ್ಲದೆ ಮಾಡಬಹುದಾದ ಒಂದು ನೆರವಿನ ಬಗ್ಗೆ ಇಂದು ಹೇಳುತ್ತೇನೆ.

ಪುಣೆಯಿಂದ ಊರಿಗೆ ಹೋಗುವಾಗ ನಾವೆಲ್ಲ ನಿಪ್ಪಾಣಿ ದಾಟುತ್ತೇವೆ. ಬೀಡಿ ತಂಬಾಕಿಗೆ ಹೆಸರಾದ ಊರು ಅದು. ತಂಬಾಕು ನಮಗೆ ಹೊರಗಿನದಲ್ಲ. ಎಲೆ-ಅಡಿಕೆಯ ಸಂಚಿಯಲ್ಲಿದೆ, ಇಲ್ಲಿನ ಎಷ್ಟೋ ಹೆಂಗಸರು ಹಲ್ಲಿಗೆ ಉಜ್ಜುವ ಮಿಶ್ರಿಯಲ್ಲೂ ಇದೆ. 2016-17ರ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ. 28.6 ಮಂದಿ ತಂಬಾಕು ಬಳಸುತ್ತಾರೆ. ಆದರೆ ಸೇದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಡುವ ಯೋಚನೆಯಲ್ಲಿದ್ದಾರೆ ಎಂದೂ ಅದೇ ಸಮೀಕ್ಷೆ ಹೇಳುತ್ತದೆ.

ಅಂದರೆ ಅವರ ಮನಸ್ಸು ಎರಡಾಗಿದೆ. ಬಿಡಬೇಕು ಎನ್ನುವುದೂ ಅವರೇ, ಇದೊಂದು ಇರಲಿ ಎನ್ನುವುದೂ ಅವರೇ. ನಾವು ಹೋಗಿ ‘ಬಿಡು, ಸಾಯ್ತೀಯಾ’ ಎಂದರೆ ಅವರು ತಕ್ಷಣ ಇನ್ನೊಂದು ಪಕ್ಷ ಹಿಡಿಯುತ್ತಾರೆ. ‘ನಮ್ಮಜ್ಜ ಬೀಡಿ ಸೇದಿಯೇ ತೊಂಬತ್ತು ವರ್ಷ ಬದುಕಿದ್ದ’ ಎನ್ನುತ್ತಾರೆ. ಹೀಗೆ ಸೇದುವುದರ ಪರವಾಗಿ ಅವರಿಂದಲೇ ಮಾತಾಡಿಸಿದವರು ನಾವು. ಮನುಷ್ಯ ಬೇರೆಯವರ ಉಪದೇಶಕ್ಕಿಂತ ತಾನೇ ಆಡಿದ ಮಾತನ್ನು ಹೆಚ್ಚು ನಂಬುತ್ತಾನೆ. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ ಸಮಾಲೋಚನಾ ಕ್ರಮದ ತಿರುಳು ಇದೇ.

ಆ ಕ್ರಮದ ಒಂದು ಪ್ರಶ್ನೆಯನ್ನು ಭೋಸರಿಯ ಕಾರ್ಖಾನೆಯ ನೌಕರರೊಬ್ಬರಿಗೆ ಕೇಳಿದ್ದೆ: ‘ಬಿಡುವುದು ನಿಮಗೆ ಎಷ್ಟು ಮುಖ್ಯ? ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ?’ ‘ನಾಲ್ಕು’ ಎಂದರು. ‘ಹತ್ತು ಯಾಕಿಲ್ಲ?’ ಎಂದಿದ್ದರೆ ನೆಪಗಳು ಬರುತ್ತಿದ್ದವು. ‘ಎರಡು ಯಾಕಲ್ಲ, ನಾಲ್ಕು ಯಾಕೆ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ವಾಸನೆ ಅಂತ ಮಗಳು ಹತ್ತಿರ ಕೂರೋದಿಲ್ಲ’ ಎಂದರು. ನಾನು ಹೇಳಬಹುದಾಗಿದ್ದ ಯಾವ ಕಾರಣಕ್ಕೂ ಅಷ್ಟು ಬಲವಿರಲಿಲ್ಲ.

ಬಿಟ್ಟವರು ಮತ್ತೆ ಹಚ್ಚಿದರೆ ಹಂಗಿಸಬೇಡಿ. ನಿಕೊಟಿನ್ ಹಿಡಿತ ಗಟ್ಟಿ. ಹಲವರು ನಾಲ್ಕಾರು ಸಲ ಪ್ರಯತ್ನಿಸಿಯೇ ಗೆಲ್ಲುತ್ತಾರೆ. ‘ಹೋದ ಸಲ ಅಷ್ಟು ದಿನ ಹೇಗೆ ತಡೆದಿರಿ?’ ಎಂದು ಕೇಳಿ. ಚಟದ ಸೆಳೆತ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಅಷ್ಟು ಹೊತ್ತು ಜೊತೆಗಿರಿ. ಹೆಚ್ಚಿನ ಸಹಾಯಕ್ಕೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ.

ನಿಧಿಗೆ ನಿಮ್ಮ ನೆರವು ಎಂದಿನಂತೆ ಇರಲಿ. ಇಂದು ಹಾಸಿಗೆ ಹಿಡಿದವರು ಕಾಯಲಾರರು. ಅದರ ಜೊತೆಗೆ ಪ್ರತಿಯೊಬ್ಬರೂ ಈ ತಿಂಗಳು ಒಬ್ಬರ ಪಕ್ಕ ಕುಳಿತು ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಮುಂದೆ ನಮ್ಮ ನಿಧಿಗೆ ಬರುವ ಒಂದು ಅರ್ಜಿ ಅದರಿಂದ ತಪ್ಪಿದರೂ ಸಾಕು.