ಹಳೆಯ ಮೋಟಾರಿಗೆ ತಕ್ಕ ಗೇರು

ಫೋರ್ಡ್ ಕಂಪೆನಿಯ 1928-31ರ ಮಾಡೆಲ್ ಎ ಮೋಟಾರನ್ನು ಅಮೆರಿಕದಲ್ಲಿ ಇಂದಿಗೂ ನಡೆಸುವವರುಂಟು. ಅದು ಇನ್ನಷ್ಟು ನಿರಾಯಾಸವಾಗಿ ಓಡಬೇಕೆಂಬುದು ಅವರಲ್ಲಿ ಅನೇಕರ ಬಯಕೆ. ಅದರ ಹಿಂದಿನ ಅಚ್ಚಿನಲ್ಲಿ ಚಿಕ್ಕ ಹಲ್ಲುಚಕ್ರಕ್ಕೆ 9 ಹಲ್ಲು, ದೊಡ್ಡದಕ್ಕೆ 34. ಎಂದರೆ, ಮೇಲಿನ ಗೇರಿನಲ್ಲಿ ಗಾಲಿಯ ಒಂದು ಸುತ್ತಿಗೆ ಎಂಜಿನ್ 3.78 ಸುತ್ತು ತಿರುಗಬೇಕು. 11ಕ್ಕೆ 39 ಹಲ್ಲಿನ ಜೋಡಿಯನ್ನು ಹಾಕಿದರೆ 3.54 ಸುತ್ತು ಸಾಕು. ನೂರಕ್ಕೆ ಆರು ಸುತ್ತು ಉಳಿಯಿತು, ಸದ್ದೂ ತಗ್ಗಿತು. ಆದರೆ ಗಾಲಿಗೆ ದೊರೆಯುವ ಸೆಳೆತವೂ ಅಷ್ಟೇ ಕುಗ್ಗಿತಲ್ಲವೆ? 40 ಕುದುರೆಶಕ್ತಿಯ ಎಂಜಿನ್ನಿಗೆ ಇದು ಅಲ್ಪವಲ್ಲ. ಇರುವುವು ಮೂರೇ ಗೇರುಗಳು. ಎರಡಕ್ಕೂ ಮೂರಕ್ಕೂ ನಡುವೆ ಅಂತರ ಬಹಳ. ಮೂರರಲ್ಲಿ ಏರಲಾರದ ಗಾಡಿ ಎರಡರಲ್ಲಿ ಅರಚುತ್ತ ತೆವಳಬೇಕಾಗುತ್ತದೆ.

ಬಯಲುಸೀಮೆಯಲ್ಲಿಯೇ ಓಡಾಡುವವರು ಅಚ್ಚಿನ ಗೇರನ್ನು ಬದಲಾಯಿಸಿಕೊಳ್ಳಲಿ. ಏರಿಳಿತದ ದಾರಿಯವರಿಗಾದರೋ, ಅಚ್ಚನ್ನು ಇದ್ದಂತೆಯೇ ಬಿಟ್ಟು, ಗೇರುಪೆಟ್ಟಿಗೆಯ ಹಿಂದೆ ಓವರ್‌ಡ್ರೈವ್ ಜೋಡಿಸುವುದೇ ಮೇಲೆಂದು ನಾವು ಭಾವಿಸುತ್ತೇವೆ. ಸಮದಾರಿಯಲ್ಲಿ ಅದನ್ನು ತೊಡಗಿಸಬಹುದು, ಏರಿನಲ್ಲಿ ಬಿಡಿಸಬಹುದು. ವೆಚ್ಚ ಹೆಚ್ಚೆಂಬುದು ನಿಜ. ಇಳಿಜಾರಿನಲ್ಲಂತೂ ಅದನ್ನು ಮೊದಲೇ ಬಿಡಿಸಿಕೊಂಡು ಇಳಿಯತಕ್ಕದ್ದು. ಈ ಗಾಡಿಯ ಬ್ರೇಕು ಎಣ್ಣೆಯ ಒತ್ತಡದ್ದಲ್ಲ, ಬರಿಯ ಕಂಬಿಗಳಿಂದ ಎಳೆಯುವಂಥದು, ಎಂಜಿನ್ನಿನ ತಡೆಯೂ ಅದರ ನೆರವಿಗೆ ಬೇಕು.